ಗುಣಿಯಲ್ಲಿ ಕಲಿತ ಬಾಗು

ಹೊಳೆದಂಡೆಯಲ್ಲೊಂದು ಕಲ್ಲುಮಂಟಪ. ಅದರ ಹಿಂದೆಯೇ ಹೆಣ ಹೂಳುವ ಜಾಗ. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ. ನಾಲ್ಕು ಎಕ್ಕದ ಗಿಡ, ಅಷ್ಟೆ.

ಆ ಮಂಟಪದಲ್ಲಿ ದೊಡ್ಡತಾಯಮ್ಮ ಜೋಡಿ ಕುಣಿತ ಕಲಿಸುತ್ತಿದ್ದಳು.

ಅವಳ ಕೇರಿಯವರಿಗೆ ಊರಿನಲ್ಲಿ ಎರಡು ಕೆಲಸ. ಮದುವೆಯಾದರೆ ಕುಣಿಯಬೇಕು. ಸಾವಾದರೆ ಗುಣಿ ತೋಡಿ, ಒಳಗೆ ನಿಂತು, ಹೆಣವನ್ನು ತೋಳಲ್ಲಿ ಇಳಿಸಿಕೊಳ್ಳಬೇಕು. ಎರಡಕ್ಕೂ ಊರಿನವರು ತಪ್ಪದೆ ಹೇಳಿಕಳಿಸುತ್ತಿದ್ದರು. ಪಂಕ್ತಿಗೆ ಮಾತ್ರ ಯಾವತ್ತೂ ಹೇಳಿಕಳಿಸಿದವರಲ್ಲ.

ಒಂದು ಮಧ್ಯಾಹ್ನ ಬೋರಲಿಂಗ ಬಂದು ಅವಳ ಮುಂದೆ ನಿಂತ. ಅಕ್ಕಿಗಿರಣಿಯಲ್ಲಿ ಮೂಟೆ ಹೊತ್ತು ಬೆಳೆದ ಮೈ.

“ಬಾಗು ಕಲಿಸವ್ವ,” ಎಂದ.

ಬಾಗು ಎಂದರೆ ಜೋಡಿ ಕುಣಿತದ ಕೊನೆಯ ಪಟ್ಟು. ತಮಟೆ ಏರುತ್ತ ಏರುತ್ತ ಹೋದಾಗ ಹೆಣ್ಣು ಗಂಡಿನ ತೋಳಿನ ಮೇಲೆ ಹಿಂದಕ್ಕೆ ಬಾಗುತ್ತಾಳೆ, ಅವನು ಇಳಿಸಿ ಮತ್ತೆ ಎತ್ತಿ ನಿಲ್ಲಿಸುತ್ತಾನೆ. ನೋಡುವವರು ಕಾದು ಕೂತಿರುವುದು ಅದಕ್ಕೇ.

“ನಿಂಗೆ ಬರ್ತದಲ್ಲ,” ಎಂದಳು ದೊಡ್ಡತಾಯಮ್ಮ.

ಬೋರಲಿಂಗ ನೆಲ ನೋಡಿದ.

ಹೋದ ವರ್ಷ ದೊಡ್ಡಮನೆಯ ಮದುವೆಯಲ್ಲಿ ಅವನು ದೇವೀರಿ ಎಂಬ ಹುಡುಗಿಯನ್ನು ಬಾಗಿಸಿದ್ದ. ಮನೆಯ ಯಜಮಾನ ದಿಂಬಿಗೆ ಒರಗಿಕೊಂಡು, “ಇನ್ನೂ ಕೆಳಗೆ. ಜಡೆ ನೆಲ ಗುಡಿಸಲಿ,” ಎಂದಿದ್ದ. ಬೋರಲಿಂಗ ಇನ್ನೂ ಕೆಳಗೆ ಇಳಿಸಿದ. ದೇವೀರಿಯ ತಲೆ ಗಾರೆನೆಲಕ್ಕೆ ಬಡಿಯಿತು.

ಜನ ಚಪ್ಪಾಳೆ ತಟ್ಟಿದರು. ಬಿದ್ದದ್ದೂ ಕುಣಿತವೇ ಎಂದುಕೊಂಡರು. ಅವಳು ಏಳಲಿಲ್ಲ. ಚಪ್ಪಾಳೆ ಇನ್ನೂ ಜೋರಾಯಿತು. ಆಮೇಲೆ ಎಲೆ ಹಾಕಿದ್ದಾರೆ ಎಂದು ಯಾರೋ ಕೂಗಿದರು. ಎದ್ದು ಊಟಕ್ಕೆ ಹೋದರು.

ಅಂದಿನಿಂದ ದೇವೀರಿ ಚಾಪೆಯ ಮೇಲಿದ್ದಾಳೆ. ಕತ್ತಿನಿಂದ ಕೆಳಗೆ ಒಂದು ಬೆರಳೂ ಅಲುಗುವುದಿಲ್ಲ. ದೊಡ್ಡಮನೆಯಿಂದ ಒಂದು ನರಪಿಳ್ಳೆಯೂ ಬಂದು ನೋಡಿಲ್ಲ.

“ಅವಳೇ ಜಾರಿದ್ಲು ಅವ್ವ,” ಎಂದ ಬೋರಲಿಂಗ. “ನಾನು ಹಿಡಿದೇ ಇದ್ದೆ.”

“ಈಗ್ಯಾಕೆ ಬಂದೆ?”

“ದೊಡ್ಡಮನೇಲಿ ಎರಡನೇ ಮಗಳ ಮದುವೆ. ಇನ್ನು ಎರಡು ತಿಂಗಳಿಗೆ. ಕುಣಿತಕ್ಕೆ ಹೇಳಿಕಳ್ಸವ್ರೆ. ಬಾಗು ಇರಲೇಬೇಕಂತೆ.”

“ಯಾರ ಜೊತೆ?”

“ಚೆಲುವಿ ಜೊತೆ.”

ಚೆಲುವಿ ದೊಡ್ಡತಾಯಮ್ಮನ ಮೊಮ್ಮಗಳು. ಅಲ್ಲೇ ಕಂಬಕ್ಕೆ ಬೆನ್ನು ಕೊಟ್ಟು ಹುರಿದ ಹುಣಸೆಬೀಜ ಅಗಿಯುತ್ತಿದ್ದಳು.

“ಇವನ ಜೊತೆ ಕುಣೀತೀಯಾ?” ಎಂದು ಅಜ್ಜಿ ಕೇಳಿದಳು.

“ಇನ್ಯಾರವ್ರೆ? ಒಬ್ಬ ಕುಂಟ, ಒಬ್ಬ ಕುಡುಕ. ಇವನು ವಾಸಿ. ಒಂದೇ ಸಲ ಬೀಳಿಸಿರೋನು.”

ಬೋರಲಿಂಗನ ಕಿವಿ ಕೆಂಪಾಯಿತು.

ಕುಣಿಯುವುದಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಹಿಂದೊಮ್ಮೆ ಹಾಗೆ ಹೇಳಿದ್ದಕ್ಕೆ ಬಾವಿಯ ದಾರಿಗೆ ಮುಳ್ಳು ಬಿದ್ದಿತ್ತು. ಅದು ಕೇರಿಯ ಮಕ್ಕಳಿಗೂ ಗೊತ್ತಿತ್ತು. ಕುಣಿದರೆ ಚೆಲುವಿಯ ಕತ್ತು ಈ ಗಂಡಸಿನ ತೋಳಿನ ಮೇಲೆ. ಅದೂ ಎಲ್ಲರಿಗೂ ಗೊತ್ತಿತ್ತು.

ದೊಡ್ಡತಾಯಮ್ಮ ಎದ್ದಳು.

“ಬಾ. ನಿನ್ನ ನಾನು ಬಾಗಿಸ್ತೀನಿ.”

ಅವಳಿಗೆ ಎಪ್ಪತ್ತು. ಅವನ ಎದೆಯ ಮಟ್ಟಕ್ಕೆ ಬರುತ್ತಾಳೆ. ಚೆಲುವಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಬೇಡವ್ವ. ನನ್ನ ಭಾರಕ್ಕೆ ನೀನು ಮುರಿದು ಹೋಗ್ತೀಯ.”

“ಮುರಿಯೋದು ನಂದಲ್ವ? ಒರಗು.”

ಅವನು ಒರಗಿದ. ಮಂಟಪದ ಚಾವಣಿ ಕಂಡಿತು. ಬಾವಲಿಗಳು ತಲೆಕೆಳಗಾಗಿ ತೂಗುತ್ತ ಅವನನ್ನೇ ನೋಡುತ್ತಿದ್ದವು. ನೆಲ ಎಷ್ಟು ದೂರವಿದೆ ಎಂದು ತಿಳಿಯಲಿಲ್ಲ. ಎರಡೂ ಕೈಯಿಂದ ಮುದುಕಿಯ ಕತ್ತು ತಬ್ಬಿಕೊಂಡ.

“ಕತ್ತು ಬಿಡೋ. ಕತ್ತಿಗೆ ಜೋತು ಬೀಳೋನು ಮುಳುಗೋನು.”

“ಬೀಳ್ತೀನವ್ವ.”

“ನಿನ್ನ ಕಾಲು ಎಲ್ಲವೆ?”

“ನೆಲದ ಮೇಲೆ.”

“ಅವಕ್ಕೊಂದು ಕೆಲಸ ಕೊಡು.”

ಅವನು ನಿಂತ ಕಾಲನ್ನು ಊರಿದ. ಹೊಟ್ಟೆ ಬಿಗಿ ಹಿಡಿದ. ತಲೆಯನ್ನು ತಾನೇ ಎತ್ತಿ ಹಿಡಿದ. ಆಗ ಮೈ ಹಗುರವಾಯಿತು. ದೊಡ್ಡತಾಯಮ್ಮ ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕಿವಿ ಕೆರೆದುಕೊಂಡಳು.

“ಈಗ ನೀನು ನನ್ನ ಬಾಗಿಸು.”

ಅವನು ಬಾಗಿಸಿದ. ಅವಳು ಹತ್ತಿಯ ಹಾಗಿದ್ದಳು. ಮೂಟೆ ಹೊತ್ತ ತೋಳಿಗೆ ಇದೇನು ಮಹಾ ಎಂದು ನಕ್ಕ.

ನಗುತ್ತಿರುವಾಗಲೇ ಅವಳು ಭಾರವಾದಳು.

ಅದೇ ಮುದುಕಿ, ಅದೇ ಮೈ. ಆದರೆ ತೋಳಲ್ಲಿ ಯಾರೂ ಇರಲಿಲ್ಲ. ಕಣ್ಣು ತೆರೆದಿತ್ತು, ನೋಡುತ್ತಿರಲಿಲ್ಲ. ದವಡೆ ಜೋಲಿತ್ತು. ಎದೆ ಏಳುತ್ತಿರಲಿಲ್ಲ. ತಲೆ ಹಿಂದಕ್ಕೆ ವಾಲಿತು. ಬೋರಲಿಂಗನ ಸೊಂಟ ಹಿಡಿಯಿತು. ಮಂಡಿಯೂರಿ ಬಿದ್ದ. ಅವಳ ತಲೆ ಕಲ್ಲಿಗೆ ತಾಗುವುದಕ್ಕೆ ಒಂದು ಗೇಣು ಉಳಿದಿತ್ತು. ಚೆಲುವಿ ಓಡಿ ಬಂದು ಅಂಗೈ ಒಡ್ಡಿದ್ದಳು.

“ಅವ್ವ. ಅವ್ವ.”

ದೊಡ್ಡತಾಯಮ್ಮ ಕಣ್ಣು ಮಿಟುಕಿಸಿದಳು. ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

“ಏನಾಯ್ತವ್ವ ನಿಂಗೆ?”

“ಏನೂ ಆಗಲಿಲ್ಲ. ಅಲ್ಲೀತಂಕ ನನ್ನ ಭಾರ ನಾನು ಹೊತ್ತಿದ್ದೆ. ಆಮೇಲೆ ನಿಂಗೆ ಕೊಟ್ಟೆ.”

“ಹಂಗೆಲ್ಲ ಯಾರು ಕೊಡ್ತಾರೆ?”

“ಗಾಬರಿ ಆದೋಳು ಕೊಡ್ತಾಳೆ. ಸತ್ತೋಳು ಕೊಡ್ತಾಳೆ. ಆ ಗಳಿಗೇಲಿ ಹಿಡಿದೋನು ಹಿಡಿದೋನು. ಮಿಕ್ಕ ಹೊತ್ತು ನೀನು ಹಿಡಿದಂಗೆ ಸೋಗು ಹಾಕ್ತಿರ್ತೀಯ, ಅಷ್ಟೆ.”

“ಅದನ್ನ ಎಲ್ಲಿ ಕಲೀಲಿ?”

ಅವಳು ಎಕ್ಕದ ಗಿಡಗಳ ಆಚೆಗೆ ನೋಡಿದಳು.

“ನಾನು ಆ ಗುಣಿ ಬಿಟ್ಟು ಗಿರಣಿ ಸೇರಿದೋನವ್ವ,” ಎಂದ ಬೋರಲಿಂಗ. “ನಮ್ಮಪ್ಪ ಅದರೊಳಗೆ ನಿಂತೂ ನಿಂತೂ ಸತ್ತ. ಮತ್ತೆ ಇಳಿ ಅಂತೀಯ?”

“ಊರೋರು ಇಳಿ ಅಂದ್ರೆ ಇಳೀಬೇಡ. ನಾನು ಅಂತಿದ್ದೀನಿ.”

ಮೂರು ದಿನದ ಮೇಲೆ ಊರೊಳಗೆ ಒಬ್ಬ ಮುದುಕಿ ಸತ್ತಳು. ಬದುಕಿದ್ದಾಗ ಈ ಕೇರಿಯವರ ನೆರಳು ತಾಗಿದರೆ ಹೊಳೆಗೆ ಹೋಗಿ ಮುಳುಗಿ ಬರುತ್ತಿದ್ದವಳು. ಗುಣಿಗೆ ಇಳಿಯುವುದು ಮನೆಯವರಿಗೆ ಮೈಲಿಗೆ. ಆದ್ದರಿಂದ ಬೋರಲಿಂಗ ಇಳಿದ. ಮುದುಕಿ ಅವನ ಮೊಣಕೈ ಮಡಿಕೆಯಲ್ಲಿ ತಲೆಯಿಟ್ಟು ಮಲಗಿದಳು. ಯಾರೂ ಏನೂ ಅನ್ನಲಿಲ್ಲ.

“ಕಾಲು ಅಗಲ,” ಎಂದಳು ದೊಡ್ಡತಾಯಮ್ಮ ಮೇಲಿನಿಂದ.

ಅವನು ಕೇಳಿಸಿಕೊಳ್ಳಲಿಲ್ಲ. ಎರಡೂ ಕಾಲು ಜೋಡಿಸಿ, ಮೂಟೆ ಇಳಿಸುವ ಹಾಗೆ ಸೊಂಟ ಬಗ್ಗಿಸಿದ. ತೋಳು ಮುಂದಕ್ಕೆ ಹೋಯಿತು. ತಲೆ ಜಾರಿ ಗುಣಿಯ ಪಕ್ಕದ ಕಲ್ಲಿಗೆ ತಾಗಿತು.

ಸಣ್ಣ ಸದ್ದು. ತೆಂಗಿನಕಾಯಿ ನೆಲಕ್ಕಿಟ್ಟಷ್ಟು.

ಬೋರಲಿಂಗ ಕಲ್ಲಾದ. ಆ ಸದ್ದು ಅವನಿಗೆ ಗೊತ್ತಿತ್ತು. ಒಂದು ಸಲ ಕೇಳಿದ್ದ.

“ಕ್ಷಮೆ ಕೇಳು,” ಎಂದಳು ದೊಡ್ಡತಾಯಮ್ಮ.

“ಸತ್ತೋಳನ್ನಾ?”

“ಇಲ್ಲಿ ನೆಟ್ಟಗೆ ಕೇಳಿಸ್ಕೊಳ್ಳೋಳು ಅವಳೊಬ್ಳೆ.”

ಅವನು ಕೇಳಿದ. ಮಣ್ಣು ಬಿತ್ತು. ಜನ ಹೊಳೆಗೆ ಮುಳುಗಲು ಹೋದರು.

ಮಾರನೆಯ ದಿನ ಬಂದಾಗ ಅವನ ಬಲಗೈ ಮಡಿಸಿಯೇ ಇತ್ತು.

“ಏನದು?”

“ತಲೆ ಹೋಗಿಲ್ಲವ್ವ. ಇಲ್ಲೇ ಅದೆ. ಈ ಮಡಿಕೇಲಿ. ತಣ್ಣಗೆ ಕುಂತದೆ.”

ದೊಡ್ಡತಾಯಮ್ಮ ಮುಟ್ಟಿ ನೋಡಿದಳು. ಮೈಯೆಲ್ಲ ಬಿಸಿಲಿಗೆ ಕಾದಿತ್ತು. ಮೊಣಕೈ ಒಳಗಿನ ಒಂದು ಅಂಗೈಯಗಲ ಜಾಗ ಬಾವಿಕಲ್ಲಿನ ಹಾಗೆ ತಣ್ಣಗಿತ್ತು.

“ಎಣ್ಣೆ ಹಚ್ಚಿದೆ. ಬೆಂಕಿಗೆ ಹಿಡಿದೆ. ಹೋಗ್ತಿಲ್ಲ.”

“ಹೋಗೋದ್ಯಾಕೆ? ಇರಲಿ ಬಿಡು. ತೋಳು ಖಾಲಿ ಅದೆ ಅಂದ್ಕೊಳ್ಳೋನೇ ಬೀಳಿಸೋದು.”

ಆ ತಿಂಗಳು ಊರಿಗೆ ಜ್ವರ ಬಂದಿತ್ತು. ಸಾವು ಕೇರಿ ನೋಡಿ ಬರಲಿಲ್ಲ. ಬೋರಲಿಂಗ ಮತ್ತೆ ಮತ್ತೆ ಗುಣಿಗೆ ಇಳಿದ.

ಇಳಿದಂತೆ ಕಲಿತ. ಒಂದು ಕಾಲು ಮುಂದೆ, ಒಂದು ಹಿಂದೆ. ಮಂಡಿ ಬಾಗಬೇಕು, ಬೆನ್ನು ನೆಟ್ಟಗಿರಬೇಕು. ದೂರ ಹಿಡಿದ ಭಾರ ಎರಡರಷ್ಟಾಗುತ್ತದೆ. ಎದೆಗೆ ಒತ್ತಿ ಹಿಡಿಯಬೇಕು. ಬೆನ್ನಿನ ರೆಕ್ಕೆಮೂಳೆಯ ಅಡಿಗೆ ಅಂಗೈ ಪೂರಾ ಹರಡಬೇಕು, ಬೆರಳ ತುದಿಯಿಂದ ಹಿಡಿದರೆ ಜಾರುತ್ತದೆ. ನಿನ್ನ ಮಂಡಿ ಎಲ್ಲಿಯವರೆಗೆ ಇಳಿಯುತ್ತದೋ ಬಾಗು ಅಲ್ಲಿಯವರೆಗೆ ಮಾತ್ರ. ಅದರಾಚೆಗಿನದು ನೋಡುವವರ ಹಸಿವು.

ಹೊಳೆಯಲ್ಲಿ ಮುಳುಗಿ ಸತ್ತ ಒಬ್ಬ ಗಂಡಸು ಬಂದ. ಮೂರು ದಿನ ನೀರಲ್ಲಿದ್ದವನು, ಇಬ್ಬರ ಭಾರ. ಬೋರಲಿಂಗ ಅವನನ್ನು ಒಬ್ಬನೇ ಇಳಿಸಿದ. ಸದ್ದಾಗಲಿಲ್ಲ. ಮಲಗಿಸಿದ ಮೇಲೂ ತೋಳು ಎಳೆದುಕೊಳ್ಳಲು ಅವಸರ ಮಾಡಲಿಲ್ಲ.

“ಇನ್ನು ಚೆಲುವಿ ಜೊತೆ ನಿಲ್ಲು,” ಎಂದಳು ದೊಡ್ಡತಾಯಮ್ಮ.

ಚೆಲುವಿ ಎಡಗೈಯನ್ನು ಅವನ ಬಲ ಹೆಗಲ ಮೇಲಿಟ್ಟಳು. ಮೂಗು ಮುರಿದಳು.

“ಸ್ನಾನ ಮಾಡಿ ಬಂದಿದ್ದೀಯ ತಾನೆ?”

“ಎರಡು ಸಲ ಮಾಡಿದ್ದೀನಿ.”

“ಆದ್ರೂ ಮಣ್ಣಿನ ವಾಸನೆ. ನನ್ನ ಹೂಳೋಕೆ ಬಂದಂಗದೆ.”

“ತಲೆ ಹಿಡೀಲೇನವ್ವ?” ಎಂದು ಬೋರಲಿಂಗ ಕೇಳಿದ.

“ಹೆಣದ ತಲೆ ನಿಂದು. ಬದುಕಿರೋಳ ತಲೆ ಅವಳದು. ಅವಳೇ ಹೊರ್ಲಿ. ಕತ್ತಿಗೆ ಕೈ ಹಾಕಬೇಡ.”

ಬಾಗಿಗೆ ಒಂದು ಕಟ್ಟು ಇತ್ತು. ಗಂಡು ಹೆಬ್ಬೆರಳಿನಿಂದ ಹೆಣ್ಣಿನ ಬೆನ್ನನ್ನು ಒಮ್ಮೆ ಒತ್ತುತ್ತಾನೆ. ಇಳಿಸಲೇ ಎಂಬ ಪ್ರಶ್ನೆ ಅದು. ಹೆಣ್ಣು ಅವನ ಹೆಗಲನ್ನು ಒತ್ತಿದರೆ ಇಳಿಸಬಹುದು. ಒತ್ತದಿದ್ದರೆ ಇನ್ನೊಂದು ಸುತ್ತು ಕುಣಿಯಬೇಕು. ಇದು ನೋಡುವವರಿಗೆ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ.

ಬೋರಲಿಂಗ ಹೆಬ್ಬೆರಳು ಒತ್ತಿದ. ಒತ್ತುತ್ತಲೇ ಇಳಿಸತೊಡಗಿದ.

ದೊಡ್ಡತಾಯಮ್ಮನ ಕೋಲು ಅವನ ಮೀನಖಂಡಕ್ಕೆ ಬಿತ್ತು.

“ಕೇಳಿದ್ನಲ್ಲವ್ವ.”

“ಕೇಳಲಿಲ್ಲ. ಹೇಳಿದೆ.”

ಮತ್ತೆ ಮಾಡಿದ. ಮತ್ತೆ ಕೋಲು ಬಿತ್ತು. ಉತ್ತರ ಬರುವ ತನಕ ಕಾಯುವುದು ಅವನ ಮೈಗೆ ಬರುತ್ತಿರಲಿಲ್ಲ. ಇಳಿಸುವುದು ಬಂತು, ಹಿಡಿಯುವುದು ಬಂತು. ಕಾಯುವುದು ಮಾತ್ರ ಬರಲಿಲ್ಲ. ತಮಟೆ ಏರಿದ ಕೂಡಲೆ ತೋಳು ತಾನೇ ಹೊರಡುತ್ತಿತ್ತು.

“ಇವನು ನನ್ನ ಕೊಲ್ತಾನೆ ಅಜ್ಜಿ,” ಎಂದಳು ಚೆಲುವಿ. ಈ ಸಲ ನಗಲಿಲ್ಲ.

ಮದುವೆಗೆ ಹನ್ನೊಂದು ದಿನ ಇರುವಾಗ ದೇವೀರಿ ಸತ್ತಳು.

ಗುಣಿ ತೋಡಿದರು. ಬಿಸಿಲು ನೆತ್ತಿಗೆ ಬಂದಿತ್ತು. ಗಾಳಿ ಇರಲಿಲ್ಲ. ಆದರೂ ಎಕ್ಕದ ಎಲೆಗಳು ಒಂದೇ ಕಡೆಗೆ ತಿರುಗಿದ್ದವು. ದೇವೀರಿಯ ತಾಯಿ ಕೆಂಚವ್ವ ಮಗಳ ಕಾಲ ಬಳಿ ಕೂತಿದ್ದಳು. ಬೋರಲಿಂಗ ದೂರ ನಿಂತಿದ್ದ, ಜನರ ಹಿಂದೆ.

“ಬೋರ, ಇಳಿ,” ಎಂದಳು ದೊಡ್ಡತಾಯಮ್ಮ.

ಎಲ್ಲರೂ ತಿರುಗಿದರು.

“ಇವನಾ?” ಎಂದಳು ಕೆಂಚವ್ವ.

“ಇವನೇ.”

“ಒಂದು ಸಲ ಸಾಲದಾ ಇವನಿಗೆ?”

“ಸಾಲಲಿಲ್ಲ ಕೆಂಚಿ. ಅದಕ್ಕೇ ಇಳಿ ಅಂದೆ.”

ಕೆಂಚವ್ವ ಬಹಳ ಹೊತ್ತು ಅವನ ತೋಳುಗಳನ್ನು ನೋಡಿದಳು. ಆಮೇಲೆ ಮಗಳ ಕಾಲು ಬಿಟ್ಟಳು.

ಬೋರಲಿಂಗ ಇಳಿದ. ಮೇಲಿನವರು ದೇವೀರಿಯನ್ನು ಅವನ ತೋಳಿಗೆ ಕೊಟ್ಟರು. ವರ್ಷವಿಡೀ ಮಲಗಿದವಳು, ಒಣಗಿದ ಸೊಪ್ಪಿನಷ್ಟೇ ಇದ್ದಳು. ತಲೆ ಬಂದು ಮೊಣಕೈ ಮಡಿಕೆಯಲ್ಲಿ ಕೂತಿತು, ಆ ತಣ್ಣನೆಯ ಜಾಗದಲ್ಲೇ, ಅಳತೆ ಕೊಟ್ಟು ಮಾಡಿಸಿದ ಹಾಗೆ.

ಅವನು ಕಾಲು ಅಗಲಿಸಿದ. ಮಂಡಿ ಬಾಗಿಸಲು ಹೋದವನು ನಿಂತ.

ಏಕೆ ನಿಂತನೋ ಅವನಿಗೂ ತಿಳಿಯಲಿಲ್ಲ. ಅವನ ಹೆಬ್ಬೆರಳು ಅವಳ ಬೆನ್ನನ್ನು ಒಮ್ಮೆ ಒತ್ತಿತ್ತು.

ಜನ ಕಾದರು. ಯಾರೋ ಕೆಮ್ಮಿದರು. “ಇಳಿಸಯ್ಯ, ಬಿಸಿಲು,” ಎಂದರು ಇನ್ಯಾರೋ. ಅವನು ಇಳಿಸಲಿಲ್ಲ. ಅಲುಗಲಿಲ್ಲ. ಬೆವರು ಗಲ್ಲದಿಂದ ತೊಟ್ಟಿಕ್ಕಿತು.

ಬಟ್ಟೆಯೊಳಗಿಂದ ದೇವೀರಿಯ ಕೈ ಜಾರಿ ಹೊರಬಂತು. ಅವನ ಹೆಗಲ ಮೇಲೆ ಬಿತ್ತು.

ಬಿದ್ದ ಕೈ ಒತ್ತಿತು.

ಅವನು ನಿಧಾನವಾಗಿ ಮಂಡಿ ಬಾಗಿಸಿ ಅವಳನ್ನು ಮಲಗಿಸಿದ. ತಲೆ ಮಣ್ಣಿಗೆ ಸೇರಿದ್ದು ತೋಳಿಗೂ ತಿಳಿಯಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಅವನು ಮಂಟಪದ ಮೂಲೆಗೆ ಬಂದು ಕೂತ. ಹಲ್ಲು ಕಟಕಟ ಎನ್ನುತ್ತಿತ್ತು.

“ಒತ್ತಿದ್ಲವ್ವ,” ಎಂದ.

“ಯಾರು?”

“ದೇವೀರಿ. ವರ್ಷ ಆಗಿತ್ತು ಆ ಕೈ ಅಲುಗಿ. ನನ್ನ ಹೆಗಲು ಒತ್ತಿದ್ಲು.”

“ಒತ್ತಿದ್ರೆ ಏನರ್ಥ?”

“ಇಳಿಸು ಅಂತ.”

“ಆಮೇಲೆ ಇಳಿಸ್ದೆ ತಾನೆ?”

“ಆಮೇಲೇ ಇಳಿಸ್ದೆ.”

“ಮತ್ಯಾಕೆ ನಡುಗ್ತೀಯ? ಸರಿಯಾಗೇ ಮಾಡಿದ್ದೀಯ.”

ಬೋರಲಿಂಗ ಮೊಣಕಾಲಿನೊಳಗೆ ಮುಖ ಹುದುಗಿಸಿದ.

“ಅವತ್ತು ಒತ್ತಲಿಲ್ಲವ್ವ.”

“ಯಾವತ್ತು?” ಎಂದಳು ದೊಡ್ಡತಾಯಮ್ಮ.

“ದೊಡ್ಡಮನೇಲಿ. ಅವಳು ಒತ್ತಲೇ ಇಲ್ಲ. ನಾನು ಕೇಳ್ಲೂ ಇಲ್ಲ. ಇನ್ನೂ ಕೆಳಗೆ ಅಂದ್ರು, ಇಳಿಸ್ದೆ. ಅವಳು ಜಾರ್ಲಿಲ್ಲ. ಬೇಡ ಬೇಡ ಅಂತ ಅಂಗಿ ಹಿಡ್ಕೊಂಡಿದ್ಲು.”

“ಇದನ್ನ ನಂಗ್ಯಾಕೆ ಹೇಳ್ತೀಯ? ಕೆಂಚಿ ಮನೆ ಅಲ್ಲಿ ಅದೆ.”

ಅವನು ಎದ್ದು ಹೋದ. ಕೆಂಚವ್ವನ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದ. ಕಾಲಿಗೆ ಬಿದ್ದ. ಕೆಂಚವ್ವ ಕಾಲು ಹಿಂದಕ್ಕೆಳೆದುಕೊಂಡು ಬಾಗಿಲು ಹಾಕಿಕೊಂಡಳು. ಅಷ್ಟೇ ನಡೆದದ್ದು.

ಮಾರನೆಯ ದಿನ ಅವನು ಚೆಲುವಿಯ ಬೆನ್ನಿಗೆ ಹೆಬ್ಬೆರಳು ಒತ್ತಿ ಕಾದ. ಚೆಲುವಿ ಬೇಕೆಂದೇ ಒತ್ತಲಿಲ್ಲ. ಒಂದು ಸುತ್ತು, ಎರಡು ಸುತ್ತು, ಒಂಬತ್ತು ಸುತ್ತು ಕುಣಿಸಿದಳು. ಅವನು ಏದುಸಿರು ಬಿಡುತ್ತ ಕಾದೇ ಕಾದ. ಹತ್ತನೆಯದಕ್ಕೆ ಒತ್ತಿದಳು. ಅವನು ಇಳಿಸಿದ.

“ಹೆಂಗದೆ?” ಎಂದು ಅಜ್ಜಿ ಕೇಳಿದಳು.

ಚೆಲುವಿ ಹಿಂದಕ್ಕೆ ಬಾಗಿಕೊಂಡೇ ಉತ್ತರಿಸಿದಳು. “ಹಾಸಿಗೆ ಮೇಲಿದ್ದಂಗದೆ. ಆದ್ರೆ ಅಜ್ಜಿ, ಇವನ ತೋಳಲ್ಲಿ ಇನ್ನೊಬ್ರು ಮಲಗವ್ರೆ. ನಾನು ಒತ್ತರಿಸ್ಕೊಂಡು ಮಲಗ್ಬೇಕು.”

ಮದುವೆಯ ದಿನ ಬಂತು. ದೊಡ್ಡತಾಯಮ್ಮ ಹೋಗಲಿಲ್ಲ.

ದೊಡ್ಡಮನೆಯ ಹಜಾರದಲ್ಲಿ ಅದೇ ಕೆಂಪು ಗಾರೆನೆಲ. ಅದೇ ಜನ. ಹೆಣ್ಣನ್ನು ಧಾರೆ ಎರೆದು ಕೊಟ್ಟು ಮುಗಿದಿತ್ತು. ಯಜಮಾನ ದಿಂಬಿಗೆ ಒರಗಿ ಎಲೆಯಡಿಕೆ ಜಗಿಯುತ್ತಿದ್ದ. ಬೋರಲಿಂಗನನ್ನು ನೋಡಿ, “ನೀನೇ ಅಲ್ವೇನೋ ಹೋದ ಸಲ ಕುಣಿದೋನು? ಚೆನ್ನಾಗಿತ್ತು,” ಎಂದ.

ಚೆನ್ನಾಗಿತ್ತು ಎಂದ.

ತಮಟೆ ಶುರುವಾಯಿತು. ಕುಣಿದರು. ದೇವೀರಿ ಬಿದ್ದ ಜಾಗ ಬಂದಾಗ ಇಬ್ಬರ ಕಾಲೂ ತಾವಾಗಿಯೇ ಅದನ್ನು ಬಳಸಿಕೊಂಡು ಹೋದವು. ತಮಟೆ ಏರಿತು. ಬೋರಲಿಂಗ ಹೆಬ್ಬೆರಳು ಒತ್ತಿದ.

ಚೆಲುವಿ ಒತ್ತಲಿಲ್ಲ.

ಇನ್ನೊಂದು ಸುತ್ತು ಹಾಕಿದ. ಮತ್ತೆ ಕೇಳಿದ. ಅವಳ ಅಂಗೈ ಅವನ ಬಲ ಹೆಗಲ ಮೇಲೆ ಎಲೆಯ ಹಾಗೆ ಸುಮ್ಮನಿತ್ತು.

“ಬಾಗಿಸೋ,” ಎಂದ ಯಜಮಾನ.

ಜನ ಕೈ ತಟ್ಟಿ ಕುಮ್ಮಕ್ಕು ಕೊಟ್ಟರು. “ಬಾಗು, ಬಾಗು,” ಎಂದರು. ತಮಟೆಯವನ ಕೈ ಸೋಲುತ್ತ ಬಂದಿತ್ತು. ಬೋರಲಿಂಗ ಮೂರನೆಯ ಸಲ ಕೇಳಿದ.

ಹೆಗಲ ಮೇಲೆ ಒತ್ತು ಬಿತ್ತು.

ಸ್ಪಷ್ಟವಾದ ಒತ್ತು. ತೋಳು ಹೊರಟಿತು. ಮಂಡಿ ಬಾಗತೊಡಗಿತು. ಆಗ ಅವನಿಗೆ ತಿಳಿಯಿತು, ಒತ್ತು ಬಿದ್ದದ್ದು ಎಡ ಹೆಗಲಿಗೆ. ಅಲ್ಲಿ ಯಾರ ಕೈಯೂ ಇರಲಿಲ್ಲ. ಒತ್ತಿದ ಕೈ ತಣ್ಣಗಿತ್ತು.

ಮತ್ತೆ ಒತ್ತಿತು. ಇಳಿಸು ಎಂದಿತು.

ಅವನು ಚೆಲುವಿಯ ಮುಖ ನೋಡಿದ. ಬೆವರಿದ ಮುಖ. ಕಣ್ಣು ನೆಟ್ಟಗೆ ಅವನ ಕಣ್ಣಲ್ಲಿತ್ತು. ಅವಳ ಅಂಗೈ ಇನ್ನೂ ಸುಮ್ಮನಿತ್ತು.

ಅವನು ಮಂಡಿ ನೆಟ್ಟಗೆ ಮಾಡಿದ. ತೋಳು ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ತಮಟೆ ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಏನೋ ಇದು, ಅರ್ಧ ಕುಣಿತ?” ಎಂದ ಯಜಮಾನ.

“ಇಷ್ಟೇ ಬುದ್ಧಿ.”

“ಬಾಗು ಎಲ್ಲಿ?”

“ಅವಳು ಒಪ್ಪಲಿಲ್ಲ ಬುದ್ಧಿ.”

“ಅವಳನ್ನ ಯಾರೋ ಕೇಳಿದ್ದು?”

“ನಾನು ಕೇಳ್ದೆ ಬುದ್ಧಿ.”

ಯಜಮಾನ ಬಾಯಲ್ಲಿದ್ದದ್ದನ್ನು ಉಗಿದ.

“ಹೊರಡಿ. ನಾಳೆಯಿಂದ ಬಾವಿ ಕಡೆ ಒಂದು ಕೊಡ ಕಾಣಿಸ್ಲಿ, ಆಮೇಲೆ ನೋಡ್ಕೊಳ್ತೀನಿ.”

“ಹೊಳೆ ಅದೆ ಬುದ್ಧಿ,” ಎಂದಳು ಚೆಲುವಿ. “ಅದನ್ನ ನಿಮ್ಮಪ್ಪ ತೋಡಿಸಿದ್ದಲ್ಲ.”

ಉಣ್ಣದೆ ಹೊರಬಂದರು. ದಾರಿಯಲ್ಲಿ ಬೋರಲಿಂಗ ಕೇಳಿದ.

“ಯಾಕೆ ಒತ್ತಲಿಲ್ಲ?”

ಚೆಲುವಿ ಒಂಟಿಕಾಲಲ್ಲಿ ನಿಂತು ಪಾದ ಎತ್ತಿ ತೋರಿಸಿದಳು. ಮೆತ್ತಿದ ಧೂಳಿನ ನಡುವೆ ಅಂಗಾಲು ಬಿಸಿಲಿಗೆ ಮಿನುಗಿತು.

“ಎಣ್ಣೆ. ಆರತಿ ತಟ್ಟೇದು ತುಳುಕಿತ್ತು, ಮೊದಲನೇ ಸುತ್ತಲ್ಲೇ ತುಳಿದುಬಿಟ್ಟೆ. ಎಲ್ಲಿ ಊರಿದ್ರೂ ಜಾರ್ತಿತ್ತು. ಇಳಿಸಿದ್ರೆ ಮೊದ್ಲು ಕಾಲು ಹೋಗೋದು, ಆಮೇಲೆ ತಲೆ.”

ಬೋರಲಿಂಗ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ.

ಮಂಟಪಕ್ಕೆ ಬಂದಾಗ ಇಳಿಬಿಸಿಲು. ದೊಡ್ಡತಾಯಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಎದ್ದು ಬಂದು ಚೆಲುವಿಯ ಕತ್ತನ್ನು ಎರಡೂ ಕೈಯಿಂದ ಸವರಿದಳು. ಹಿಂದೆ, ಮುಂದೆ. ಆಮೇಲೆ ಶಿಷ್ಯನ ಕಡೆ ತಿರುಗಿದಳು.

“ಹೇಳು.”

“ಒಂದು ಕೈ ಒತ್ತಿತವ್ವ. ಚೆಲುವಿ ಕೈ ಇಲ್ಲದ ಹೆಗಲ ಮೇಲೆ. ಇಳಿಸು, ಇಳಿಸು ಅಂತು. ಇನ್ನೊಂದು ಚೂರಿಗೆ ಇಳಿಸಿಬಿಡ್ತಿದ್ದೆ.”

“ಯಾಕೆ ಇಳಿಸಲಿಲ್ಲ?”

“ತೋಳಲ್ಲಿದ್ದೋಳು ಚೆಲುವಿ.”

ದೊಡ್ಡತಾಯಮ್ಮ ತಲೆಯಾಡಿಸಿದಳು.

“ದೇವೀರಿ ಅವಳನ್ನ ಬೀಳಿಸೋಕೆ ಬಂದಿದ್ಲಾ ಅವ್ವ?”

“ಅವಳ್ಯಾಕೆ ಬೀಳಿಸ್ತಾಳೆ? ಬಿದ್ದ ನೋವು ಅವಳಿಗೆ ಗೊತ್ತಿಲ್ವಾ?”

“ಹಂಗಾದ್ರೆ ಯಾಕೆ ಬಂದ್ಲು? ತಪ್ಪು ಒಪ್ಕೊಂಡೆ. ಅವಳ ತಾಯಿ ಕಾಲಿಗೆ ಬಿದ್ದೆ. ಕೇಳಿ ಮಣ್ಣು ಮಾಡ್ದೆ. ಇನ್ನೇನು ಬೇಕವ್ವ ಅವಳಿಗೆ?”

ದೊಡ್ಡತಾಯಮ್ಮ ಪೊರಕೆ ತಂದು ಮಂಟಪದ ನಡುವಿನ ಕಲ್ಲನ್ನು ಗುಡಿಸಿದಳು. ನೀರು ಚಿಮುಕಿಸಿ ಸೆರಗಿನಿಂದ ಒರೆಸಿದಳು, ಒಂದು ಹರಳೂ ಇಲ್ಲದ ಹಾಗೆ. ಚೆಲುವಿಯನ್ನು ಕೈಹಿಡಿದು ಕಂಬದ ಬಳಿಗೆ ಸರಿಸಿದಳು. ತಾನೂ ಸರಿದು ನಿಂತಳು.

ಅಲ್ಲಿ ಖಾಲಿ ಜಾಗ ಉಳಿಯಿತು. ಒಬ್ಬರು ಕುಣಿಯಲು ಬೇಕಾದದ್ದಕ್ಕಿಂತ ದೊಡ್ಡದು.

“ಎರಡು ಸಲ ದೇವೀರೀನ ಇಳಿಸಿದ್ದೀಯ ಮಗ,” ಎಂದಳು. “ಒಂದು ಸಲಾನೂ ಎತ್ತಿಲ್ಲ.”